ಆಲಸ್ಯವೋ, ಅಂಜಿಕೆಯೋ?

ಫಾಲ್ಗುಣಮಾಸವು ಸಮೀಪಿಸಿತೆಂದರೆ ನಮ್ಮ ವಿಜಯಪುರ ಸೀಮೆಯಲ್ಲಿ ಎರಡು ಅವಸರಗಳು ಕೂಡಿಯೇ ಬರುವವು. ತಿಕೋಟಾ ಭಾಗದ ತೋಟಗಳಲ್ಲಿ ದ್ರಾಕ್ಷಿಯನ್ನು ಕೊಯ್ದು ಒಣಗಿಸುವ ಶೆಡ್ಡುಗಳಿಗೆ ಸಾಗಿಸುವ ಅವಸರವೊಂದು. ಹತ್ತನೆಯ ಇಯತ್ತೆಯ ಮಕ್ಕಳಿಗೆ ಪರೀಕ್ಷೆಯ ಅವಸರ ಇನ್ನೊಂದು. ಈ ದಿನಗಳಲ್ಲಿ ತಿಕೋಟಾಕ್ಕೆ ಹೋಗಲಿ, ಬಬಲೇಶ್ವರಕ್ಕೆ ಹೋಗಲಿ, ಪಟ್ಟಣದ ಓಣಿಗಳಲ್ಲಿಯೇ ತಿರುಗಾಡಲಿ, ತಾಯಿತಂದೆಗಳ ಬಾಯಿಂದ ಒಂದೇ ದೂರು ಕೇಳಬರುವದು: "ಪುಸ್ತಕಾ ಹಿಡಿ ಅಂದ್ರ ನಾಳಿ ಅಂತಾನ್ರಿ ಮಾಸ್ತರ. ಬರೀ ಆಲಸ್ಯ."

ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ನಾನೂ ಬಹುಕಾಲ ಈ ನಿರ್ಣಯವನ್ನೇ ಕೊಡುತ್ತಿದ್ದೆನು. ಅದು ಅನೇಕ ಸಲ ತಪ್ಪೆಂಬದನ್ನು ತಡವಾಗಿ ಕಲಿತೆನು. ಆ ಮಾತನ್ನೇ ಇಲ್ಲಿ ಗೃಹಸ್ಥರ ಮುಂದೆ ಇಡುತ್ತೇನೆ.

ನನ್ನ ವರ್ಗದಲ್ಲಿ ಒಬ್ಬ ಹುಡುಗನಿದ್ದನು. ಕೊಟ್ಟ ಅಭ್ಯಾಸವನ್ನು ಎಂದೂ ಹೊತ್ತಿಗೆ ಸರಿಯಾಗಿ ಮಾಡಿ ತಂದವನಲ್ಲ. ಒಂದು ದಿನ ಬೇಸತ್ತು ಎಲ್ಲರ ಮುಂದೆ ಅವನನ್ನು ಆಲಸಿಯೆಂದು ಕರೆದೆನು. ಅಂದಿನಿಂದ ಅವನು ಕಡೆಯ ಬೆಂಚಿಗೆ ಸರಿದನು. ಪರೀಕ್ಷೆಗಂತೂ ಬರಲೇ ಇಲ್ಲ. ಕೆಲವು ವರ್ಷಗಳ ಮೇಲೆ ತೋಟದ ಹಾದಿಯಲ್ಲಿ ಭೆಟ್ಟಿಯಾದಾಗ, "ಯಾಕೋ ತಮ್ಮಾ, ಬರದರ ನೋಡಬಾರದಿತ್ತ?" ಎಂದು ಕೇಳಿದೆನು. "ವಿಭಕ್ತೀನ ತಿಳೀತಿರಲಿಲ್ರಿ ಸರ. ಕೇಳಾಕ ನಾಚಿಕಿ ಬರ್ತಿತ್ತು. ಪುಸ್ತಕಾ ತೆರದ್ರ ಎದಿ ಡವಡವ ಅಂತಿತ್ತರಿ" ಎಂದನು. ಬೆಳಗಿನ ಐದಕ್ಕೆದ್ದು ತೋಟದಲ್ಲಿ ದುಡಿದು ಶಾಲೆಗೆ ಬರುತ್ತಿದ್ದವನಲ್ಲಿ ಆಲಸ್ಯವೆಲ್ಲಿಯದು? ಅವನಲ್ಲಿದ್ದುದು ಅಂಜಿಕೆ. ಕೆಲವು ಸಂಜೆಗಳಲ್ಲಿ ಬಿಡಿಸಬಹುದಾಗಿದ್ದ ಗಂಟನ್ನು ನಾನು ಒಂದೇ ಮಾತಿನಿಂದ ಬಿಗಿದುಬಿಟ್ಟಿದ್ದೆನು.

ಈ ಭೇದವು ನಮ್ಮ ಪ್ರಾಚೀನರಿಗೆ ತಿಳಿಯದುದಲ್ಲ. ಪತಂಜಲಿಯು ಯೋಗಸೂತ್ರದಲ್ಲಿ ಚಿತ್ತವನ್ನು ಚದರಿಸುವ ಒಂಬತ್ತು ಅಂತರಾಯಗಳನ್ನು ಎಣಿಸಿರುವನು. ವ್ಯಾಧಿಯು ಮೊದಲನೆಯದು, ಸ್ತ್ಯಾನ, ಎಂದರೆ ಮನಸ್ಸಿನ ಜಡತೆ, ಎರಡನೆಯದು, ಸಂಶಯವು ಮೂರನೆಯದು, ಪ್ರಮಾದವು ನಾಲ್ಕನೆಯದು. ಆಲಸ್ಯದ ಸರದಿ ಬರುವದು ಐದನೆಯದಾಗಿ. ನಾವಾದರೋ ಮೊದಲಿನ ನಾಲ್ಕನ್ನೂ ದಾಟಿ ನೆಟ್ಟಗೆ ಐದನೆಯದಕ್ಕೇ ಕೈಹಚ್ಚುತ್ತೇವೆ. ಹುಡುಗನಿಗೆ ನಿದ್ದೆ ಸಾಲದೋ, ಕಣ್ಣು ಮಂಜೋ, ಹಿಂದಿನ ಪಾಠವೊಂದು ತಿಳಿಯದೆ ಉಳಿದಿದೆಯೋ ಎಂದು ಕೇಳುವವರು ವಿರಳ. ಚಿತ್ತ ಚದರಿದಾಗ ದುಃಖ, ದೌರ್ಮನಸ್ಯ, ಮೈನಡುಕ, ಉಸಿರಿನ ಏರಿಳಿತಗಳು ಜೊತೆಗೂಡಿ ಬರುವವೆಂದೂ ಅವನು ಹೇಳಿರುವನು. ಪರೀಕ್ಷೆಯ ಮಂದಿರದ ಬಾಗಿಲಲ್ಲಿ ನಿಂತ ಮಗುವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಂದಿನ ಮನಶ್ಶಾಸ್ತ್ರಜ್ಞರಲ್ಲಿ ಅನೇಕರ ಅಭಿಪ್ರಾಯವೂ ಹೀಗೆಯೇ ಇರುವದು. ದೀರ್ಘಸೂತ್ರಿಯು ಕೆಲಸಕ್ಕಿಂತ ಹೆಚ್ಚಾಗಿ ಆ ಕೆಲಸವು ಹುಟ್ಟಿಸುವ ಕಳವಳದಿಂದ ಓಡಿಹೋಗುತ್ತಾನೆ. ಮೊಬೈಲು ಕೈಗೆ ಬಂದಾಗ ಕ್ಷಣಕಾಲ ಕಳವಳವು ತಗ್ಗುವದು. ಆ ಕ್ಷಣದ ಸುಖವೇ ಮತ್ತೆ ಮುಂದೂಡಲು ಕಲಿಸುವದು. ಮುಂದೂಡಿದಷ್ಟೂ ಹೊರೆ ಬೆಳೆಯುವದು. ಹೊರೆ ಬೆಳೆದಷ್ಟೂ ಅಂಜಿಕೆ. ಬೈಗಳು ಈ ಚಕ್ರವನ್ನು ನಿಲ್ಲಿಸಲಾರದು, ಇನ್ನಿಷ್ಟು ತಿರುವುವದು.

ಹಾಗಾದರೆ ಉಪಾಯವೇನು? ಪತಂಜಲಿಯು ಹೇಳುವದು ಏಕತತ್ತ್ವಾಭ್ಯಾಸ, ಒಂದನ್ನೇ ಹಿಡಿದು ನಡೆಯುವದು. ಮನೆಯ ಮಟ್ಟಿಗೆ ಇದರ ಅರ್ಥ ಸರಳವಾದುದು. "ಇಂದು ವಿಜ್ಞಾನವನ್ನೆಲ್ಲ ಮುಗಿಸು" ಎನ್ನದೆ, "ಸಂಜೆ ಆರಕ್ಕೆ, ಇದೇ ಮೂಲೆಯಲ್ಲಿ, ಒಂದೇ ಲೆಕ್ಕ" ಎನ್ನಬೇಕು. ಮೊಬೈಲು ಆಗ ಬೇರೆ ಕೋಣೆಯಲ್ಲಿರಲಿ. ಎದೆ ಬಡಿದರೆ ಉಸಿರನ್ನು ಮೆಲ್ಲಗೆ ನಾಲ್ಕೈದು ಸಲ ಹೊರಬಿಟ್ಟು ಪುಸ್ತಕ ತೆರೆಯಲಿ. ತೊಡಗುವದೇ ಕಷ್ಟ, ತೊಡಗಿದ ಮೇಲೆ ಅಂಜಿಕೆಯು ತಾನಾಗಿ ಸಣ್ಣದಾಗುವದು.

ಓದುವ ರೀತಿಯೂ ಮುಖ್ಯವಾದುದು. ಅಮೇರಿಕೆಯ ರೋಡಿಗರ್ ಹಾಗೂ ಕಾರ್ಪಿಕೆ ಎಂಬ ವಿದ್ವಾಂಸರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷಗಳ ಮೇಲೆ ಮುಂದಿದ್ದರು; ವಾರದ ಮೇಲಾದರೋ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರೇ ಮುಂದಾದರು. ಕಲಿತುದು ಮೊದಮೊದಲು ಬೇಗ ಮರೆಯುವದೆಂದು ಜರ್ಮನಿಯ ಎಬ್ಬಿಂಗ್‌ಹೌಸನು 1885ರಲ್ಲಿಯೇ ತೋರಿಸಿದನು. ಆದುದರಿಂದ ಇಂದು ಓದಿದುದನ್ನು ನಾಳೆ, ಮತ್ತೆ ವಾರದ ಮೇಲೆ, ಪುಸ್ತಕ ನೋಡದೆ ಹೇಳಿಸಬೇಕು. ರಾತ್ರಿಯ ನಿದ್ದೆಯನ್ನು ಕದ್ದು ಓದಿಸುವದು ಬೀಜವನ್ನು ಮಾರಿ ಗೊಬ್ಬರ ಕೊಂಡಂತೆ.

ನಿತ್ಯದ ಅಲ್ಪಕಾರ್ಯವು ಎಷ್ಟು ದೊಡ್ಡದಾಗಬಲ್ಲದೆಂಬದಕ್ಕೆ ನಮ್ಮೂರಿನಲ್ಲಿಯೇ ಉದಾಹರಣೆಯಿರುವದು. ಫ. ಗು. ಹಳಕಟ್ಟಿಯವರು ಇಲ್ಲಿ ವಕೀಲರಾಗಿದ್ದರು. ಮನೆಮನೆಗಳಲ್ಲಿದ್ದ ತಾಡವೋಲೆಗಳನ್ನು ಕೂಡಿಸಿ, ಓದಿ, ಪ್ರತಿ ಮಾಡುತ್ತ ಹೋದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವು ಹೊರಬಂದಿತು. 1926ರಲ್ಲಿ 'ಶಿವಾನುಭವ' ಪತ್ರಿಕೆ ಹುಟ್ಟಿತು. ಹಣದ ಅಡಚಣೆಯು ಬೆನ್ನುಬಿಡದಿದ್ದರೂ, 1964ರಲ್ಲಿ ತೀರಿಕೊಳ್ಳುವ ಮುನ್ನ ನೂರಾರು ಶರಣರ ವಚನಗಳನ್ನು ನಾಡಿಗೆ ಕೊಟ್ಟಿದ್ದರು. ಇದು ಒಂದು ರಾತ್ರಿಯ ಸಾಹಸವಲ್ಲ. ಓಲೆಯ ಮೇಲೊಂದು ಓಲೆಯನ್ನು ಓದಿದ ಫಲ.

ಹಿರಿಯರ ನಾಲಿಗೆಗೂ ಒಂದು ಮಾತು. ಗೋಲಗುಮ್ಮಟದ ಮೇಲಿನ ಸುತ್ತುಮಾಡದಲ್ಲಿ ಆಡಿದ ಪಿಸುಮಾತು ಎದುರುಗೋಡೆಯಲ್ಲಿ ಸ್ಪಷ್ಟವಾಗಿ ಕೇಳುವದು. ಕೂಗಿದರೆ ಪ್ರತಿಧ್ವನಿಗಳು ಒಂದರ ಮೇಲೊಂದು ಬೀಳುವವು. ಮಗುವಿನ ಮನಸ್ಸೂ ಅಂಥದೇ. "ನಪಾಸಾದರೆ ಮುಖ ತೋರಿಸಬೇಡ" ಎಂಬ ನುಡಿಯನ್ನು ನಾವು ಒಮ್ಮೆ ಆಡಿ ಮರೆಯುತ್ತೇವೆ. ಅದು ಒಳಗೆ ಹತ್ತು ಸಲ ಮೊಳಗುತ್ತಿರುವದು. ಒಂದು ಪರೀಕ್ಷೆ ತಪ್ಪಿದರೆ ಬಾಳೇ ತಪ್ಪಿತೆಂಬದು ಸುಳ್ಳು. ಕರ್ನಾಟಕದಲ್ಲಿ 2024ರಲ್ಲಿ ಹತ್ತನೆಯ ಇಯತ್ತೆಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿಯನ್ನು ತಂದುದು ತಪ್ಪಿದವರು ಬೇಗನೆ ಮತ್ತೆ ಬರೆಯಲೆಂದೇ. ಮಗುವು ಊಟ, ನಿದ್ದೆ ಬಿಟ್ಟು ಮೌನವಾದರೆ, ಬದುಕು ಬೇಡವೆಂಬ ಮಾತನ್ನಾಡಿದರೆ, ಒಂದು ಗಳಿಗೆಯೂ ತಡೆಯದೆ ವೈದ್ಯರನ್ನು ಕಾಣತಕ್ಕದ್ದು. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಹಣವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ತಿಕೋಟಾದ ಒಕ್ಕಲಿಗನು ಅಕ್ಟೋಬರದ ಸುಮಾರಿಗೆ ಬಳ್ಳಿಯ ಚಾಟ್ನಿ ಮಾಡಿ, ದಿನದಿನವೂ ಅದನ್ನು ನೋಡಿಕೊಂಡು, ಮಾಘ ಫಾಲ್ಗುಣಗಳಲ್ಲಿ ಗೊನೆ ಕೊಯ್ಯುತ್ತಾನೆ. ಬಳ್ಳಿ ಸೊರಗಿದರೆ ಅದನ್ನು ಬೈಯುವದಿಲ್ಲ. ಬಾಗಿ, ಬೇರಿನ ಬುಡದಲ್ಲಿ ಏನಾಗಿದೆಯೆಂದು ನೋಡುತ್ತಾನೆ. ಇಂದು ಸಂಜೆ ನಿಮ್ಮ ಮಗನು "ನಾಳೆ" ಎಂದರೆ, ಬಳಿಯಲ್ಲಿ ಕುಳಿತು, "ಎಲ್ಲಿ ತೊಡಕಾಗೇತಪ್ಪ?" ಎಂದು ಒಮ್ಮೆ ಕೇಳಿರಿ. ನಾನು ಅಂದು ಕೇಳದೆ ಉಳಿದ ಪ್ರಶ್ನೆಯು ಅದೇ.