ಸಾಕುನಾಯಿಯ ಸ್ಥೂಲಕಾಯ

ಕಾಸರಗೋಡಿನ ಕಡೆಯ ನಮ್ಮ ಅನೇಕ ಮನೆಗಳಲ್ಲಿ ನಾಯಿಗೆಂದು ಪ್ರತ್ಯೇಕ ಅಡುಗೆಯಿಲ್ಲ. ಮಿಕ್ಕ ಗಂಜಿ, ದೋಸೆ, ಸಾಂಬಾರು ಕಲಸಿದ ಅನ್ನವೇ ಅದರ ಪಾಲು. ತೋಟವೆಲ್ಲ ಸುತ್ತುವ ನಾಯಿ ಅದನ್ನು ಅರಗಿಸಿಕೊಂಡೀತು. ಸರಪಳಿಯಲ್ಲೇ ದಿನ ಕಳೆಯುವ ನಾಯಿಗೆ ಮನೆಮಂದಿಯೆಲ್ಲರೂ ಪ್ರೀತಿಯಿಂದ ಒಂದೊಂದು ತುತ್ತು ಹಾಕಿದರೆ ಮೈಯಲ್ಲಿ ಕೊಬ್ಬು ತುಂಬದಿರುವುದೆಂತು?

ಇದು ಕೇವಲ ಅಂದದ ಪ್ರಶ್ನೆಯಲ್ಲ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಜೀವಮಾನವಿಡೀ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಶೇಕಡಾ 25ರಷ್ಟು ಕಡಿಮೆ ಉಂಡ ನಾಯಿಗಳು ಜೊತೆಯವುಗಳಿಗಿಂತ ಸುಮಾರು ಎರಡು ವರ್ಷ ಹೆಚ್ಚು ಬಾಳಿದವು. ಅವಕ್ಕೆ ಕೀಲುಬೇನೆಯೂ ತಡವಾಗಿ ಬಂದಿತು.

ಪರೀಕ್ಷೆ ಸುಲಭ. ಪಕ್ಕೆಯ ಮೇಲೆ ಅಂಗೈಯಾಡಿಸಿರಿ. ಎಲುಬುಗಳು ಕೈಗೆ ತಾಗಬೇಕು. ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಇಲ್ಲವಾದರೆ ಮೊದಲು ಪಶುವೈದ್ಯರಿಗೆ ತೋರಿಸಿರಿ. ಥೈರಾಯ್ಡ್ ಗ್ರಂಥಿಯ ದೋಷದಿಂದಲೂ ಮೈ ಬೆಳೆಯುವುದುಂಟು.

ಬಳಿಕ ಉಣಿಸುವ ಹೊಣೆಯನ್ನು ಒಬ್ಬರೇ ವಹಿಸಿಕೊಳ್ಳಲಿ. ದಿನದ ಆಹಾರವನ್ನು ಅಳೆದು ಎರಡು ಹೊತ್ತಿಗೆ ಹಂಚಿರಿ. ಬಿಸ್ಕತ್ತಿನ ಬದಲು ಉಪ್ಪಿಲ್ಲದೆ ಬೇಯಿಸಿದ ಬೀನ್ಸ್, ಕ್ಯಾರೆಟ್ ಕೊಡಬಹುದು. ಈರುಳ್ಳಿ ಹಾಕಿದ ಸಾಂಬಾರಾಗಲಿ ದ್ರಾಕ್ಷಿಯಾಗಲಿ ಬೇಡ. ಅವು ನಾಯಿಗೆ ವಿಷ. ಆದರೆ ಉಪವಾಸ ಕೆಡವಬಾರದು. ವಾರಕ್ಕೆ ದೇಹತೂಕದ ಶೇಕಡಾ 1ರಿಂದ 2ರಷ್ಟು, ಎಂದರೆ 30 ಕಿಲೋ ತೂಗುವ ನಾಯಿಗೆ 300ರಿಂದ 600 ಗ್ರಾಂ, ಇಳಿದರೆ ಸಾಕು. ಬಿಸಿಲಿಲ್ಲದ ಹೊತ್ತಿನಲ್ಲಿ ನಡೆದಾಡಿಸಿ, ದೂರವನ್ನು ಮೆಲ್ಲಮೆಲ್ಲನೆ ಹೆಚ್ಚಿಸಿರಿ.

ನಾವು ಉಣ್ಣುವಾಗ ಅದು ಬಾಗಿಲಲ್ಲಿ ಕುಳಿತು ಕಣ್ಣಿನಲ್ಲೇ ಬೇಡುತ್ತದೆ. ಆಗ ಕೈ ತಡೆಯುವುದು, ಅದರಲ್ಲೂ ಮನೆಯ ಅಜ್ಜಿಯಂದಿರಿಗೆ, ಬಲು ಕಷ್ಟ. ಊಟ ಮುಗಿಸಿ ಅಂಗಳಕ್ಕಿಳಿದು ಹತ್ತು ನಿಮಿಷ ಅದರೊಡನೆ ಕಳೆಯಿರಿ. ಅದು ಬೇಡಿದ್ದು ಎಷ್ಟೋ ಸಲ ತುತ್ತನ್ನಲ್ಲ, ನಮ್ಮ ಒಡನಾಟವನ್ನು.