ಬಾಗಿಲಲ್ಲಿ ನಿಂತವರು ಯಾರು?

ವಿದ್ಯಾರ್ಥಿಯೊಬ್ಬನು ತನ್ನ ಅಂಕಪಟ್ಟಿಯನ್ನು ನೋಡಲು ಕಾಲೇಜಿನ ಜಾಲತಾಣವನ್ನು ತೆರೆಯುತ್ತಾನೆಂದು ಭಾವಿಸೋಣ. ಹೆಸರನ್ನೂ ಗುಪ್ತಪದವನ್ನೂ ಕೊಟ್ಟಿದ್ದಾನೆ. ತಾಣವು ಅವನನ್ನು ಗುರುತಿಸಿಯೂ ಇದೆ. ಆದರೂ ಅಂಕಪಟ್ಟಿಗೆ ಬದಲಾಗಿ ‘ಪ್ರವೇಶ ನಿರಾಕರಿಸಲಾಗಿದೆ’ ಎಂಬ ವಾಕ್ಯ ಮೂಡುತ್ತದೆ. ಅದೇ ಕಡತವನ್ನು ಕಾಲೇಜಿನ ಅಧಿಕಾರಿಗಳು ತಮ್ಮ ಮೇಜಿನ ಗಣಕದಿಂದ ತೆರೆದರೆ ಯಾವ ಅಡ್ಡಿಯೂ ಇಲ್ಲ. ಹಾಗಾದರೆ ತೊಡಕಿರುವುದೆಲ್ಲಿ?

ಇಂತಹ ಏರ್ಪಾಡಿನಲ್ಲಿ ಎರಡು ಗಣಕಗಳಿರುವುದುಂಟು. ಒಂದು ಜಾಲತಾಣವನ್ನು ನಡೆಸುತ್ತದೆ. ಇನ್ನೊಂದು ಕಡತಗಳನ್ನು ಕಾಪಾಡುತ್ತದೆ. ಇವನ್ನು ಜಾಲಗಣಕ, ಕಡತಗಣಕ ಎಂದು ಕರೆಯೋಣ. ವಿದ್ಯಾರ್ಥಿಯು ಮಾತನಾಡುವುದು ಜಾಲಗಣಕದೊಡನೆ ಮಾತ್ರ. ಕಡತಗಣಕದ ಬಾಗಿಲನ್ನು ತಟ್ಟುವುದು ಜಾಲಗಣಕದಲ್ಲಿ ಓಡುತ್ತಿರುವ ಪ್ರೋಗ್ರಾಮು. ದೊಡ್ಡ ಗ್ರಂಥಾಲಯದಲ್ಲಿ ನಾವು ಚೀಟಿ ಬರೆದುಕೊಟ್ಟರೆ ಉಗ್ರಾಣದಿಂದ ಪುಸ್ತಕ ತರುವವನು ಜವಾನನಷ್ಟೆ. ಕಾವಲುಗಾರನು ನೋಡುವುದು ಅವನ ಮುಖವನ್ನೇ ಹೊರತು ನಮ್ಮ ಮುಖವನ್ನಲ್ಲ.

ಈ ಪ್ರೋಗ್ರಾಮು ಯಾವ ಹೆಸರಿನಿಂದ ಬಾಗಿಲನ್ನು ತಟ್ಟುತ್ತದೆ? ವಿಂಡೋಸ್ ಸರ್ವರಿನ ಐಐಎಸ್ ವ್ಯವಸ್ಥೆಯು ಪ್ರೋಗ್ರಾಮುಗಳನ್ನು ‘ಅಪ್ಲಿಕೇಷನ್ ಪೂಲ್’ ಎಂಬ ಗುಂಪುಗಳಲ್ಲಿ ಓಡಿಸಿ, ಗುಂಪಿಗೊಂದು ಖಾತೆಯನ್ನು ಗೊತ್ತುಮಾಡುತ್ತದೆ. ನಾವಾಗಿ ಬೇರೆ ಖಾತೆಯನ್ನು ಸೂಚಿಸದಿದ್ದರೆ, ಆ ಖಾತೆಗೆ ಬೆಲೆಯಿರುವುದು ಅದೇ ಯಂತ್ರದೊಳಗೆ ಮಾತ್ರ. ಅದೇ ಡೊಮೇನಿಗೆ ಸೇರಿದ ಇನ್ನೊಂದು ಗಣಕದ ಮುಂದೆ ಅದು ಜಾಲಗಣಕದ ಹೆಸರನ್ನೇ ಹೇಳುತ್ತದೆ; ಆ ಹೆಸರಿನ ತುದಿಯಲ್ಲಿ ಡಾಲರ್ ಚಿಹ್ನೆಯೊಂದಿರುತ್ತದೆ. ಅನುಮತಿಯ ಪಟ್ಟಿಯಲ್ಲಿ ಅಧಿಕಾರಿಗಳ ಹೆಸರಿದ್ದು ಯಂತ್ರದ ಹೆಸರಿಲ್ಲದಿದ್ದರೆ, ನಮ್ಮ ಒಗಟು ಬಿಡಿಸಿದಂತೆಯೇ.

ಆದರೆ ಪಟ್ಟಿ ಒಂದೇ ಅಲ್ಲ. ಹಂಚಿಕೊಂಡ ಕಡತಕೋಶಕ್ಕೆ ಒಂದು ಪಟ್ಟಿ; ಅದರೊಳಗಿನ ಕಡತಗಳಿಗೆ, ಎನ್‌ಟಿಎಫ್‌ಎಸ್ ಕಡತವ್ಯವಸ್ಥೆಯಲ್ಲಿ, ಇನ್ನೊಂದು. ಜಾಲದ ಮೂಲಕ ಬಂದವರು ಎರಡನ್ನೂ ದಾಟಬೇಕು. ಹೆಚ್ಚು ಬಿಗಿಯಾದದ್ದೇ ಗೆಲ್ಲುವುದು.

ವಿದ್ಯಾರ್ಥಿಗೂ ಅದೇ ಡೊಮೇನಿನಲ್ಲಿ ಖಾತೆಯಿದ್ದರೆ, ಪ್ರೋಗ್ರಾಮು ಅವನ ಹೆಸರಿನಲ್ಲಿಯೇ ಕೇಳಬಾರದೇಕೆ? ಇಲ್ಲಿ ‘ಎರಡು ಜಿಗಿತ’ದ ತೊಡಕು ಎದುರಾಗುತ್ತದೆ. 2000ದಲ್ಲಿ ಬಂದ ವಿಂಡೋಸ್ 2000ದಿಂದ ಡೊಮೇನುಗಳಲ್ಲಿ ಗುರುತಿನ ಪರೀಕ್ಷೆಗೆ ಕರ್ಬರೋಸ್ ಎಂಬ ಕ್ರಮವು ಬಳಕೆಯಲ್ಲಿದೆ. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಇದಕ್ಕೆ, ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರನ್ನಿಟ್ಟಿದ್ದಾರೆ. ಈ ಕ್ರಮದಲ್ಲಿ ಜಾಲಗಣಕಕ್ಕಾಗಿ ಕೊಟ್ಟ ಟಿಕೆಟ್ಟು ಕಡತಗಣಕದಲ್ಲಿ ನಡೆಯದು. ಮೈಸೂರಿಗೆ ಕೊಂಡ ಟಿಕೆಟ್ಟಿನಿಂದ ಮಂಗಳೂರಿಗೆ ಪ್ರಯಾಣ ಮಾಡಲಾದೀತೆ? ಜಾಲಗಣಕವು ಇನ್ನೊಬ್ಬರ ಪರವಾಗಿ ಕೇಳಬಹುದೆಂದು ಡೊಮೇನಿನ ಆಡಳಿತಗಾರರು ಸ್ಪಷ್ಟವಾಗಿ ಒಪ್ಪಿಗೆ ಕೊಟ್ಟಿರಬೇಕು.

ಹೀಗೆ ಬಾಗಿಲು ತೆರೆಯದಿರುವಾಗ ಬೇಸತ್ತವರು ‘ಎಲ್ಲರಿಗೂ ಪೂರ್ಣ ಅಧಿಕಾರ’ವೆಂದು ಪಟ್ಟಿಯಲ್ಲಿ ಬರೆದುಬಿಡುವುದುಂಟು. ದೋಷವು ಒಡನೆಯೇ ಮಾಯವಾಗುತ್ತದೆ, ನಿಜ. ಆದರೆ ಅಂಕಗಳನ್ನು ಓದಲಾರದಿದ್ದವನು ಈಗ ಅವನ್ನು ತಿದ್ದಲೂ ಬಲ್ಲನು! ಯಾವ ಪ್ರೋಗ್ರಾಮಿಗೂ ಅದರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಬೇಕೆಂಬ ತತ್ವವನ್ನು ಜೆರೋಮ್ ಸಾಲ್ಟ್ಜರ್ ಮತ್ತು ಮೈಕೇಲ್ ಶ್ರೋಡರ್ ಎಂಬ ವಿಜ್ಞಾನಿಗಳು 1975ರಲ್ಲಿಯೇ ನಿರೂಪಿಸಿದ್ದರು.

ಆದುದರಿಂದ ವೈದ್ಯನಂತೆ ಮೊದಲು ರೋಗವನ್ನು ನಿರ್ಣಯಿಸಬೇಕು. ಕಡತಗಣಕದಲ್ಲಿ ಭದ್ರತಾ ದಾಖಲೆಯನ್ನು ಬರೆಯಿಸುವ ಏರ್ಪಾಡು ಮಾಡಿದರೆ, ಬಂದವರ ಹೆಸರು ಅಲ್ಲಿ ಸಿಕ್ಕುತ್ತದೆ. ಆ ಹೆಸರನ್ನು ಹಿಡಿದು ಎರಡು ಪಟ್ಟಿಗಳನ್ನೂ ನೋಡಬೇಕು. ಓದುವುದಷ್ಟೇ ಅಗತ್ಯವಾಗಿದ್ದರೆ ಓದುವ ಅನುಮತಿಯನ್ನು ಮಾತ್ರ, ಆ ಒಂದು ಹೆಸರಿಗೆ ಮಾತ್ರ, ಕೊಡಬೇಕು. ಬಾಗಿಲನ್ನು ತೆರೆಯುವ ಮುನ್ನ ಹೊರಗೆ ನಿಂತವರು ಯಾರೆಂದು ಕೇಳುವುದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ತಿಳಿದಿರುವ ಎಚ್ಚರಿಕೆ. ಗಣಕದ ಮುಂದೆ ಕುಳಿತಾಗ ಅದನ್ನು ಮರೆಯದಿದ್ದರೆ ಸಾಕು.