ಹದಿನೈದು ಜಿಬಿಯ ಹಗೇವು

"ಮುತ್ಯಾ, ಜಾಗ ತುಂಬೇತಿ ಅಂತ ಮೊಬೈಲ್ ಹೇಳಾಕತ್ತೈತಿ, ಏನ್ ಮಾಡ್ಲಿ?"

ಇಂಡಿಗೆ ಹೋದರೂ ಇದೇ ಮಾತು, ಸಿಂದಗಿಗೆ ಹೋದರೂ ಇದೇ ಮಾತು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಎಲ್ಲ ಲೆಕ್ಕವೂ ಗೊತ್ತಿರುತ್ತದೆ ಎಂದು ನಮ್ಮ ನೆಂಟರ ನಂಬಿಕೆ. ಮೊಬೈಲನ್ನು ಸೀದಾ ನನ್ನ ಕೈಗೆ ಕೊಡುತ್ತಾರೆ. ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: "ತುಂಬಿದ್ದು ಯಾವುದಪಾ, ಮೊಬೈಲೋ, ಕ್ಲೌಡೋ?"

ಇವೆರಡೂ ಬೇರೆ ಬೇರೆ. ಮೊಬೈಲ್ ಕೊಳ್ಳುವಾಗ ಡಬ್ಬಿಯ ಮೇಲೆ 64 ಜಿಬಿ, 128 ಜಿಬಿ ಎಂದು ಬರೆದಿರುತ್ತದಲ್ಲ, ಅದು ಕೈಯಲ್ಲಿರುವ ಯಂತ್ರದ ಜಾಗ. ಕ್ಲೌಡ್ ಎಂದರೆ ಗೂಗಲ್‌ನಂಥ ಕಂಪನಿಗಳು ತಮ್ಮ ದೊಡ್ಡ ದೊಡ್ಡ ಕಂಪ್ಯೂಟರುಗಳಲ್ಲಿ ನಮಗಾಗಿ ಬಿಟ್ಟುಕೊಟ್ಟ ಜಾಗ. ಹೆಸರಿಗೆ ಮೋಡ, ಇರುವುದು ನೆಲದ ಮೇಲೆ. ನಮ್ಮ ಫೋಟೊಗಳ ನಕಲು ಇಂಟರ್ನೆಟ್ ಮೂಲಕ ಅಲ್ಲಿಗೆ ಹೋಗಿ ಕೂಡುವುದೇ ಬ್ಯಾಕಪ್. ಮೊಬೈಲ್ ಕಳೆದರೂ ಒಡೆದರೂ, ಹೊಸದರಲ್ಲಿ ಅದೇ ಖಾತೆ ತೆರೆದರೆ ಆ ನಕಲುಗಳು ಸಿಗುತ್ತವೆ.

ಈ ಜಾಗಕ್ಕೂ ಮಿತಿಯಿದೆ. ಗೂಗಲ್ ಒಂದು ಖಾತೆಗೆ ಪುಕ್ಕಟೆ ಕೊಡುವುದು 15 ಜಿಬಿ. ಐಫೋನ್ ಇದ್ದವರಿಗೆ ಐಕ್ಲೌಡ್‌ನಲ್ಲಿ ಸಿಗುವುದು 5 ಜಿಬಿ ಮಾತ್ರ.

ಮಕ್ಕಳೇ, ನಿಮ್ಮ ಅಜ್ಜನನ್ನು ಹಗೇವು ಎಂದರೇನು ಎಂದು ಕೇಳಿ. ನಮ್ಮ ಸೀಮೆಯಲ್ಲಿ ಸುಗ್ಗಿಯ ಜೋಳವನ್ನು ನೆಲದೊಳಗೆ ತೋಡಿದ ಆಳವಾದ ಗುಂಡಿಯಲ್ಲಿ ಸುರಿದು, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ ಇಡುತ್ತಿದ್ದರು. ಕೂಡು ಕುಟುಂಬದಲ್ಲಿ ಮೂವರು ಅಣ್ಣತಮ್ಮಂದಿರ ಜೋಳವೂ ಒಂದೇ ಹಗೇವಿಗೆ ಬೀಳುತ್ತಿತ್ತು. ಗೂಗಲ್‌ನ 15 ಜಿಬಿಯೂ ಹಾಗೆಯೇ. ಜಿಮೇಲ್‌ನ ಪತ್ರಗಳು, ಡ್ರೈವ್‌ನ ಕಡತಗಳು, ಫೋಟೋಸ್‌ನ ಚಿತ್ರಗಳು ಮೂರೂ ಅದೇ ಗುಂಡಿಗೆ. 2024ರ ಹೊತ್ತಿಗೆ ನಾಲ್ಕನೆಯವನೂ ಬಂದ. ಆಂಡ್ರಾಯ್ಡ್ ಮೊಬೈಲುಗಳ ವಾಟ್ಸ್‌ಆ್ಯಪ್ ಬ್ಯಾಕಪ್ ಮೊದಲು ಲೆಕ್ಕಕ್ಕೆ ಬರುತ್ತಿರಲಿಲ್ಲ, ಈಗ ಬರುತ್ತದೆ. "ಮೊದಲ ತುಂಬ್ತಿದ್ದಿಲ್ಲ, ಈಗ್ಯಾಕ ತುಂಬ್ತೈತಿ?" ಎಂದು ಕೇಳುವವರಿಗೆ ಅರ್ಧ ಉತ್ತರ ಇದು. ಇನ್ನರ್ಧ, 2021ರ ಜೂನ್ 1ರ ಮೊದಲು ಸ್ವಲ್ಪ ಕುಗ್ಗಿಸಿ ಇಟ್ಟ ಫೋಟೊಗಳನ್ನು ಗೂಗಲ್ ಎಣಿಸುತ್ತಿರಲಿಲ್ಲ. ಆ ದಿನದಿಂದ ಎಲ್ಲವನ್ನೂ ಎಣಿಸುತ್ತಿದೆ.

ಲೆಕ್ಕ ಹಾಕೋಣ. 1 ಜಿಬಿ ಎಂದರೆ 1,024 ಎಂಬಿ. ಒಂದು ಫೋಟೊ 4 ಎಂಬಿ ಎಂದು ಹಿಡಿದರೆ 15 ಜಿಬಿಯಲ್ಲಿ 3,840 ಫೋಟೊ ಹಿಡಿಸುತ್ತವೆ. ಅದೇ ವಿಡಿಯೊ ಆದರೆ? ನಿಮಿಷಕ್ಕೆ 100 ಎಂಬಿ ಹಿಡಿದರೂ ಎರಡೂವರೆ ಗಂಟೆಗೆ ಹಗೇವು ಮುಗಿಯಿತು. ಶ್ರಾವಣದಲ್ಲಿ ಬಸವನ ಬಾಗೇವಾಡಿಯ ಜಾತ್ರೆಗೆ ಹೋಗಿ ಅರ್ಧ ತಾಸು ವಿಡಿಯೊ ಮಾಡಿಕೊಂಡು ಬಂದರೆ ಅಷ್ಟರಿಂದಲೇ ಐದರಲ್ಲೊಂದು ಪಾಲು ಖರ್ಚು.

ಇನ್ನು ವಾಟ್ಸ್‌ಆ್ಯಪ್‌ನಲ್ಲಿ ಬರುವ ಶುಭೋದಯಗಳು. ಗುಲಾಬಿ ಹೂವು, ಚಹಾದ ಕಪ್ಪು, ಅದರ ಮೇಲೊಂದು ಸುಭಾಷಿತ. ನನ್ನ ಓರಗೆಯವರು ಇದನ್ನು ಬಿಡುವುದಿಲ್ಲ, ಬಿಡಿ ಎಂದು ನಾನೂ ಹೇಳಲಾರೆ. ಆದರೆ ಗೂಗಲ್ ಫೋಟೋಸ್‌ನಲ್ಲಿ ವಾಟ್ಸ್‌ಆ್ಯಪ್ ಚಿತ್ರಗಳ ಫೋಲ್ಡರನ್ನೂ ಬ್ಯಾಕಪ್‌ಗೆ ಹಚ್ಚಿದ್ದರೆ ಒಂದೇ ಗುಲಾಬಿ ಎರಡು ಸಲ ಜಮಾ ಆಗುತ್ತದೆ: ವಾಟ್ಸ್‌ಆ್ಯಪ್ ಬ್ಯಾಕಪ್‌ನಲ್ಲಿ ಒಮ್ಮೆ, ಫೋಟೋಸ್‌ನಲ್ಲಿ ಇನ್ನೊಮ್ಮೆ. ನಮ್ಮ ಲೆಡ್ಜರಿನಲ್ಲಿ ಹೀಗಾಗಿದ್ದರೆ ಮ್ಯಾನೇಜರು ಸಂಜೆ ಮನೆಗೆ ಬಿಡುತ್ತಿರಲಿಲ್ಲ! ಆ ಫೋಲ್ಡರನ್ನು ಬ್ಯಾಕಪ್‌ನಿಂದ ತೆಗೆಯಿರಿ. ವಾಟ್ಸ್‌ಆ್ಯಪ್ ಬ್ಯಾಕಪ್‌ನಲ್ಲಿ ವಿಡಿಯೊ ಸೇರಿಸಬೇಡ ಎಂದು ಹೇಳುವ ಸೌಕರ್ಯವೂ ಇದೆ. ಅದರ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಎಂಬಲ್ಲಿ ಹೋದರೆ 5 ಎಂಬಿಗಿಂತ ದೊಡ್ಡವು ಯಾವುವು, ಊರೆಲ್ಲ ಸುತ್ತಿ ಬಂದ ಫಾರ್ವರ್ಡ್‌ಗಳು ಯಾವುವು ಎಂದು ಅದೇ ವಿಂಗಡಿಸಿ ತೋರಿಸುತ್ತದೆ. ಅಲ್ಲಿ ಅಳಿಸಿದರೆ ಮುಂದಿನ ಬ್ಯಾಕಪ್ ಅಷ್ಟು ಹಗುರ.

ಹಗೇವು ತುಂಬಿದರೆ ಏನಾಗುತ್ತದೆ? ಹೊಸ ಫೋಟೊಗಳ ಬ್ಯಾಕಪ್ ನಿಲ್ಲುತ್ತದೆ. ಜಿಮೇಲ್‌ಗೆ ಪತ್ರ ಬರುವುದೂ ನಿಲ್ಲುತ್ತದೆ. ಶಾಲೆಯಿಂದ, ಬ್ಯಾಂಕಿನಿಂದ ಬರಬೇಕಾದ್ದು ತಿರುಗಿ ಹೋಗುತ್ತದೆ. ಸೂಚನೆ ಬರುತ್ತದೆ ನಿಜ, ಆದರೆ ನಾವು ಅದನ್ನು ಬೆರಳಿನಿಂದ ಆಚೆ ತಳ್ಳುತ್ತೇವೆ. ಸಿಂದಗಿಯ ನಮ್ಮ ಬೀಗರ ಮನೆಯಲ್ಲಿ ಹೀಗೇ ಆಯಿತು. ಮೊಬೈಲ್ ದನಕ್ಕೆ ನೀರು ಕುಡಿಸುವ ದೋಣಿಯಲ್ಲಿ ಬಿದ್ದು ಸತ್ತಿತು. "ಎಲ್ಲಾ ಗೂಗಲ್‌ನ್ಯಾಗ ಐತಿ" ಎಂದು ಧೈರ್ಯವಾಗಿದ್ದರು. ಹೊಸ ಮೊಬೈಲಿನಲ್ಲಿ ತೆರೆದು ನೋಡಿದರೆ ಎಂಟು ತಿಂಗಳ ಹಿಂದೆಯೇ ಬ್ಯಾಕಪ್ ನಿಂತಿದೆ. ಆ ಎಂಟು ತಿಂಗಳಲ್ಲಿ ಹುಟ್ಟಿದ ಕೂಸಿನ ತೊಟ್ಟಿಲ ಫೋಟೊಗಳು ಎಲ್ಲಿಯೂ ಇಲ್ಲ. ಕೂಸಿನ ಅಜ್ಜಿ ಇವತ್ತಿಗೂ ಆ ಮಾತು ತೆಗೆಯುತ್ತಾರೆ.

ಗೂಗಲ್ ಫೋಟೋಸ್ ತೆರೆದು ಮೇಲಿನ ಬಲಮೂಲೆಯ ನಿಮ್ಮ ಚಿತ್ರವನ್ನು ಒತ್ತಿದರೆ ಬ್ಯಾಕಪ್ ಮುಗಿದಿದೆಯೇ, ನಿಂತಿದೆಯೇ ಎಂದು ಕಾಣಿಸುತ್ತದೆ. ನಾನು ಅಮಾವಾಸ್ಯೆಗೊಮ್ಮೆ ನೋಡುತ್ತೇನೆ. ಜಾಗ ಸಾಲದವರು ಹಣ ಕೊಟ್ಟು ಹೆಚ್ಚು ಪಡೆಯಬಹುದು. ಆದರೆ "ಜಾಗ ತುಂಬಿದೆ, ಈ ಲಿಂಕ್ ಒತ್ತಿ ಹಣ ಕಟ್ಟಿ" ಎಂದು ಬರುವ ಸಂದೇಶವನ್ನು ಮುಟ್ಟಬೇಡಿ. ಅದು ಮೋಸಗಾರರ ಗಾಳ ಇರಬಹುದು.

ಅಳಿಸುವಾಗ ಇನ್ನೊಂದು ಸೂಕ್ಷ್ಮ ಇದೆ. ಮುದ್ದೇಬಿಹಾಳದಲ್ಲಿ ನನ್ನ ತಂಗಿಯ ಮೊಮ್ಮಗ, ಏಳನೆಯ ಇಯತ್ತೆ, ಮೊಬೈಲಿನ ಜಾಗ ಖಾಲಿ ಮಾಡಲು ಗೂಗಲ್ ಫೋಟೋಸ್‌ನಲ್ಲಿ ಹಳೆಯ ಫೋಟೊಗಳನ್ನೆಲ್ಲ ಅಳಿಸಿದ. "ಮ್ಯಾಲ ಕ್ಲೌಡ್‌ನ್ಯಾಗ ಇರ್ತಾವಲ್ಲ" ಎಂದು ಅವನ ಎಣಿಕೆ. ಬ್ಯಾಕಪ್ ಆದ ಫೋಟೊವನ್ನು ಅಲ್ಲಿ ಅಳಿಸಿದರೆ ಎರಡೂ ಕಡೆ ಹೋಗುತ್ತದೆ. ಮೊಬೈಲಿನಿಂದ ಮಾತ್ರ ತೆಗೆದು ಮೇಲೆ ಉಳಿಸಲು 'ಫ್ರೀ ಅಪ್ ಸ್ಪೇಸ್' ಎಂಬ ಬೇರೆ ಗುಂಡಿ ಇದೆ. ಪುಣ್ಯಕ್ಕೆ, ಬ್ಯಾಕಪ್ ಆದ ಫೋಟೊ ಅಳಿಸಿದರೂ 60 ದಿನ ಕಸದಬುಟ್ಟಿಯಲ್ಲಿ ಇರುತ್ತದೆ. ತಿಂಗಳೊಳಗೆ ಗೊತ್ತಾಯಿತು, ಎಲ್ಲ ಮರಳಿ ಬಂದವು. ಹುಡುಗ ಊಟ ಬಿಟ್ಟು ಕೂತಿದ್ದ. ತಂಗಿಯೇ ಕರೆದು ರೊಟ್ಟಿ ಮುರಿದುಕೊಟ್ಟಳು.

ಕೊನೆಯದಾಗಿ ಹಿರಿಯರಿಗೆ ಒಂದು ಮಾತು. ಎರಡು ವರ್ಷ ಯಾರೂ ಬಳಸದ ಗೂಗಲ್ ಖಾತೆಯನ್ನು ಫೋಟೊಗಳ ಸಮೇತ ಕಂಪನಿ ಅಳಿಸಬಹುದು. 2023ರ ಡಿಸೆಂಬರಿನಿಂದ ಈ ನಿಯಮ ಜಾರಿಯಲ್ಲಿದೆ. ಬಸವನ ಬಾಗೇವಾಡಿಯ ನನ್ನ ಗೆಳೆಯ ತೀರಿಕೊಂಡ ಮೇಲೆ ಅವನ ಮೊಬೈಲನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದರು. ಹೋದ ವರ್ಷ ಮೊಮ್ಮಗಳು ಅದಕ್ಕೆ ಚಾರ್ಜು ಹಾಕಿ, ಇಂಟರ್ನೆಟ್ ಹಚ್ಚಿ, ಅಜ್ಜನ ಖಾತೆ ತೆರೆದಳು. ಅವಧಿಗೆ ಇನ್ನೂ ಮೂರು ತಿಂಗಳು ಉಳಿದಿತ್ತು. ಹೊಲ, ಎತ್ತು, ಹೆಂಡತಿ, ಮೊಮ್ಮಕ್ಕಳು, ಜೋಳದ ರಾಶಿಯ ಮುಂದೆ ನಿಂತ ನಾವಿಬ್ಬರು. ಎಲ್ಲವನ್ನೂ ಪೆನ್‌ಡ್ರೈವಿಗೂ ಇಳಿಸಿಕೊಂಡಳು. ಒಟ್ಟು ಸೇರಿ 2 ಜಿಬಿಯೂ ಇರಲಿಲ್ಲ.